ಹಾಸಿಗೆಯಲ್ಲಿ ಅತ್ತೆಯ ಕೈ

ಕಿಟಕಿಯ ಗಾಜಿಗೆ ಬೆಳಕು ಇನ್ನೂ ಮುಟ್ಟಿಲ್ಲ. ಮಿದುಳಿನ ಕಾಯಿಲೆಯವರ ವಾರ್ಡಿನಲ್ಲಿ ಆಯಮ್ಮ ಬಿಸಿನೀರಿನ ಬಕೆಟ್ಟನ್ನು ಮಂಚದ ಬದಿಗಿಟ್ಟು ರವಿಕೆಯ ತೋಳು ಮೇಲೇರಿಸುತ್ತಾರೆ. ದಿನದ ಜಗಳ ಶುರು.

"ಅಕ್ಕ, ಎಡಗೈ ಕೊಡಿ."

"ಅದು ನಂದಲ್ಲ. ನಮ್ಮತ್ತೇದು. ಅವರನ್ನೇ ಕೇಳು."

ಅತ್ತೆ ತೀರಿಕೊಂಡು ವರ್ಷಗಳಾದವು. ಮಂಚದಲ್ಲಿರುವಾಕೆ ಹೊಲಿಗೆಯಂಗಡಿ ನಡೆಸುತ್ತಿದ್ದವರು. ಮಿದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಎಡಮೈ ಸ್ವಾಧೀನ ತಪ್ಪಿದೆ. ಬುದ್ಧಿಗೇನೂ ಆಗಿಲ್ಲ, ಗಿರಾಕಿಗಳ ಅಳತೆಯೆಲ್ಲ ಬಾಯಲ್ಲಿದೆ. ಎಡಗೈ ಮಾತ್ರ ಪರರ ಸೊತ್ತು. ನಾವೆಲ್ಲ 'ನನ್ನದು' ಎನ್ನುವ ಧೈರ್ಯವನ್ನು ಮಿದುಳು ಗಳಿಗೆಗಳಿಗೆಗೂ ಕಟ್ಟಿಕೊಡುತ್ತಿರುತ್ತದಂತೆ. ಕಟ್ಟುವ ಜಾಗಕ್ಕೆ ಪೆಟ್ಟು ಬಿದ್ದರೆ ಸ್ವಂತ ಮೈಯೂ ಅಪರಿಚಿತವೆಂದು ಡಾಕ್ಟರು ವಿವರಿಸುತ್ತಾರೆ. ಆಯಮ್ಮ ಇದನ್ನು ಕೇಳಿ ಕೇಳಿ ಬೇಸತ್ತಿದ್ದಾರೆ. "ಎಲ್ಲ ಸರಿ, ಕೈಯಂತೂ ನಾನೇ ಉಜ್ಜಬೇಕಲ್ಲ."

ಬೆಳಗಿನ ಪಾಳಿಗೆ ಎರಡು ಸಾಲು ಮಂಚ, ಆಯಮ್ಮ ಒಬ್ಬರೇ. ಎಡಗಡೆಯ ಅರಿವೇ ಇಲ್ಲದ ಒಬ್ಬ ಅಜ್ಜ ತಟ್ಟೆಯ ಬಲಗಡೆಯದಷ್ಟೇ ತಿಂದು, ಅರ್ಧ ಊಟ ಕದ್ದಿರೆಂದು ಇವರನ್ನೇ ಬೈಯುತ್ತಾನೆ. ರೋಗಿಗಳನ್ನು ಎತ್ತಿ ಎತ್ತಿ ಆಯಮ್ಮನ ಸೊಂಟ ಹೋಗಿದೆ. ಗಂಡ ಹಾಸಿಗೆ ಹಿಡಿದಾಗ ಕಸ ಗುಡಿಸುವ ಕೆಲಸಕ್ಕೆಂದು ಬಂದವರು ಇಲ್ಲೇ ಉಳಿದುಬಿಟ್ಟರು.

ಒಂದು ದಿನ ವಾದಿಸಿ ಸಾಕಾಗಿ, "ಹೌದಕ್ಕ, ಅತ್ತೇದೇ, ಆಯ್ತಾ?" ಅಂದುಬಿಟ್ಟರು. ಕೈ ಸಲೀಸಾಗಿ ತೊಳೆದದ್ದಾಯಿತು. ಆದರೆ ಆಕೆಗೆ ಸಾಕ್ಷಿ ಸಿಕ್ಕಂತಾಯಿತು. ಸೊಸೆಯಾಗಿ ಬಂದ ಹೊಸತರಲ್ಲಿ ತಾನು ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚಿಹಾಕಿದ ಕೈ ಇದೇ ಎಂದು, ಮಧ್ಯಾಹ್ನದೊಳಗೆ ಬಲಗೈಯಿಂದ ಚಿವುಟಿ ಚಿವುಟಿ ಹುಣ್ಣು ಮಾಡಿಟ್ಟರು. ಸ್ಪರ್ಶವಿಲ್ಲದ ಕೈ, ನೋವೂ ಇಲ್ಲ. ಚಿವುಟುವುದು ನಿಲ್ಲುವವರೆಗೆ ಮನೆಗೆ ಕಳಿಸುವುದಿಲ್ಲ ಎಂದರು ಡಾಕ್ಟರು. ಕರೆದೊಯ್ಯಲು ಬಂದಿದ್ದ ಮಗಳು ಬಾಗಿಲಲ್ಲೇ ಅತ್ತಳು. ಆಯಮ್ಮನಿಗೆ ಡಾಕ್ಟರಿಂದ ಬೈಗುಳ ಬಿತ್ತು: ಒಪ್ಪಲೂ ಬೇಡಿ, ವಾದಿಸಲೂ ಬೇಡಿ, ಕನ್ನಡಿ ಹಿಡಿದು ಆ ಕೈ ತೋರಿಸಿ.

ಕನ್ನಡಿಯಲ್ಲಿ ಕಂಡಾಗ ಆಕೆ ಥಟ್ಟನೆ, "ನನ್ ಕೈಯೇ" ಅನ್ನುತ್ತಾರೆ. ಕನ್ನಡಿ ಸರಿಸಿದರೆ ಮತ್ತೆ ಅತ್ತೇದು. "ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ಸುತ್ತೆ," ಎನ್ನುತ್ತಾ ಆಯಮ್ಮ ನಿತ್ಯವೂ ಹಿಡಿಯುತ್ತಾರೆ.

ಹೋದ ವಾರ ಕನ್ನಡಿಯಲ್ಲಿ ಹುಣ್ಣು ಕಂಡು ಆಕೆ, ಯಾರು ಹೀಗೆ ಮಾಡಿದ್ದೆಂದು ಕೇಳಿದರು. ಆಯಮ್ಮನ ಸಹನೆ ಮುಗಿದಿತ್ತು.

"ಇನ್ಯಾರು? ನೀವೇ."

ಕನ್ನಡಿ ಸರಿಯಿತು, ಕೈ ಎಂದಿನಂತೆ ಅತ್ತೆಯ ಪಾಲಾಯಿತು. ಆದರೆ ಬಲಗೈ ಮೆಲ್ಲಗೆ ಬಂದು ಹೊದಿಕೆಯನ್ನು ಅದರ ಮೇಲೆ ಎಳೆಯಿತು. "ಪಾಪ, ವಯಸ್ಸಾದವ್ರು. ನೋವಾಗಿರುತ್ತೆ."

ಅಂದಿನಿಂದ ಚಿವುಟಿಲ್ಲ. ಹುಣ್ಣು ಒಣಗಿದೆ. ಇವತ್ತು ಮಗಳು ಗಾಲಿಕುರ್ಚಿ ತಂದಿದ್ದಾಳೆ. ಕೂತ ಕೂಡಲೇ ಆಕೆ ಎಡಗೈಯನ್ನೆತ್ತಿ ಮಡಿಲಲ್ಲಿಟ್ಟುಕೊಳ್ಳುತ್ತಾರೆ.

"ಅತ್ತೇನೂ ಕರ್ಕೊಂಡು ಹೋಗೋಣ ಕಣೆ. ಇಲ್ಲಿ ಅವರನ್ನ ಯಾರು ನೋಡ್ಕೋತಾರೆ?"

ಆಯಮ್ಮ ಬಗ್ಗಿ, ಮಡಿಲಿಂದ ಜಾರಿದ ಬೆರಳುಗಳು ಗಾಲಿಗೆ ಸಿಕ್ಕದಂತೆ ಒಳಗೆ ಸೇರಿಸುತ್ತಾರೆ.

"ಇಷ್ಟು ದಿನ ನೋಡ್ಕೊಂಡಿದ್ದು ಮತ್ಯಾರಂತೆ?"