ಕತ್ತಲ ರಾಜನ ಮೊಂಡು ಕೊಂಬು

ನಮ್ಮ ಕಂಪನಿಯ ಹೊಸ ಬೋರ್ಡ್ ಆಟದಲ್ಲಿ ಒಂದು ಕತ್ತಲ ಲೋಕವಿದೆ. ಅಲ್ಲಿ ಸೂರ್ಯನೇ ಹುಟ್ಟುವುದಿಲ್ಲ, ಅಲ್ಲಿನ ರಾಜ ಸಿಕ್ಕವರನ್ನೆಲ್ಲ ನುಂಗುತ್ತಾನೆ. ಆ ರಾಜನನ್ನು ಮರದಲ್ಲಿ ಮಾಡಿಸಲು ನನ್ನನ್ನು ಚನ್ನಪಟ್ಟಣಕ್ಕೆ ಕಳಿಸಿದ್ದರು. ಮಧ್ಯಾಹ್ನ ಮಾಲೀಕರಿಗೆ ವಿಡಿಯೋ ಕರೆಯಲ್ಲಿ ತೋರಿಸಬೇಕಿತ್ತು.

ಗೊಂಬೆ ಮಾಡುವ ಖಾದರ್ ಸಾಬ್ರು ರಾಜನನ್ನು ನನ್ನ ಕೈಗಿಟ್ಟರು. ಕಪ್ಪು ಬಣ್ಣವೇನೋ ಸರಿಯಾಗಿತ್ತು. ಆದರೆ ನಾನು ಕೊಟ್ಟ ಚಿತ್ರದಲ್ಲಿ ಈಟಿಯಂತಿದ್ದ ಕೊಂಬುಗಳು ಎರಡು ನೇರಳೆ ಹಣ್ಣಿನ ಹಾಗೆ ದುಂಡಗಾಗಿದ್ದವು.

“ಸಾಬ್ರೇ, ಚೂಪು ಎಲ್ಲಿ ಹೋಯ್ತು?”

“ಉಜ್ಜಿ ತೆಗ್ದ್‌ಬುಟ್ಟೆ ಮೇಡಂ. ಮಗು ಕಣ್ಣಿಗೆ ಚುಚ್ಕೊಂಡ್ರೆ?”

“ಇದು ದೊಡ್ಡವರ ಆಟ!”

“ದೊಡ್ಡೋರ ಮನೇಲಿ ಮಕ್ಕಳು ಇರಾಕಿಲ್ವಾ?”

“ಬಣ್ಣನಾದ್ರೂ ನಿಲ್ಲುತ್ತಾ?” ಎಂದು ರೇಗಿದೆ. ಅವರು ರಾಜನ ತಲೆಯನ್ನು ಬಾಯಿಗಿಟ್ಟು ಚೆನ್ನಾಗಿ ಚೀಪಿ, ತಮ್ಮ ಬಿಳಿ ಅಂಗಿಯ ತೋಳಿಗೆ ಒರೆಸಿ ತೋರಿಸಿದರು. ಒಂಚೂರೂ ಕಲೆಯಿಲ್ಲ.

“ಚೀಪಿ ನೋಡ್ದೆ ಇಲ್ಲಿಂದ ಒಂದು ಗೊಂಬೇನೂ ಆಚೆ ಹೋಗಾಕಿಲ್ಲ” ಎಂದು ಬುಟ್ಟಿಯಿಂದ ಇನ್ನೊಬ್ಬ ರಾಜನನ್ನು ತೆಗೆದು ನನ್ನತ್ತ ಚಾಚಿದರು. “ನಂಬಿಕೆ ಇಲ್ದಿದ್ರೆ ನೀವೇ ನೋಡಿ.”

ನೋಡಿದೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗಾಬರಿಯಲ್ಲಿ ಒತ್ತಿಯೇಬಿಟ್ಟೆ. ಪರದೆಯಲ್ಲಿ ಮಾಲೀಕರು ಕಾಣಿಸಿಕೊಂಡರು.

“ರಾಜ ರೆಡಿನಾ? ನೋಡಿದರೆ ಭಯ ಆಗುತ್ತಾ?”

ನಾನು ಏನೂ ಹೇಳುವಂತಿರಲಿಲ್ಲ. ಸಿಕ್ಕವರನ್ನೆಲ್ಲ ನುಂಗುವ ರಾಜ ಕೊಂಬಿನ ಸಮೇತ ನನ್ನ ಬಾಯಲ್ಲಿದ್ದ.