ಕಸ್ತೂರಿ ಅಕ್ಕ ಯಾವ ತಂಡಕ್ಕೆ ಹೋಗುತ್ತಾಳೆ?

ಆಗ ಸುದ್ದಿ ಎಂಬುದು ಮೆಟ್ಟಿಲು ಹತ್ತಿಕೊಂಡೇ ಬರಬೇಕಿತ್ತು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ನಮ್ಮ ಬಿಲ್ಡಿಂಗಿನ ಅಷ್ಟೂ ಮನೆಗಳಲ್ಲಿ ಫೋನು ಇದ್ದದ್ದು ನಾಲ್ಕೈದರಲ್ಲಿ ಮಾತ್ರ. ಕೆಳಗಿನ ಮನೆಯಲ್ಲಿ ಹುಟ್ಟಿದ ಮಾತು ಮೂರನೆಯ ಮಹಡಿ ತಲುಪುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿ, ಮೀಸೆಯೂ ಬಂದಿರುತ್ತಿತ್ತು. ನನಗೆ ಹತ್ತು ತುಂಬಿದ್ದ ಆ ಬೇಸಿಗೆಯಲ್ಲಿ ಮುಂಬೈಯ ವಿಕ್ರೋಳಿಯ ನಮ್ಮ ಕಾಲನಿಯಲ್ಲಿ ಓಡಾಡುತ್ತಿದ್ದದ್ದು ಒಂದೇ ಪ್ರಶ್ನೆ: ಕಸ್ತೂರಿ ಅಕ್ಕ ಮುಂದೆ ಯಾವ ತಂಡಕ್ಕೆ ಹೋಗುತ್ತಾಳೆ?

ಅಪ್ಪ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ. ನಮ್ಮದು ಬಿಜಾಪುರದ ಕಡೆ. ಕಾಲನಿ ಕಾರ್ಖಾನೆಯವರದೇ, ಅದರ ನಡುವೆ ಸಿಮೆಂಟಿನ ಬಾಸ್ಕೆಟ್‌ಬಾಲ್ ಅಂಗಳ. ಕಾರ್ಖಾನೆಗೆ ಹೆಂಗಸರ ತಂಡವೊಂದಿತ್ತು. ಆಡುವವರಿಗೆ ಆಫೀಸಿನಲ್ಲಿ ಕೆಲಸ, ಇರಲು ರೂಮು. ಧಾರವಾಡದ ಕಸ್ತೂರಿ ಅಕ್ಕ ಆ ತಂಡದ ಜೀವ. ಹಗಲು ಆಫೀಸಿನ ಟೆಲಿಫೋನ್ ಬೋರ್ಡಿನ ಮುಂದೆ ಕೂರುತ್ತಿದ್ದಳು, ಸಂಜೆ ಅಂಗಳಕ್ಕೆ ಇಳಿಯುತ್ತಿದ್ದಳು. ನಮ್ಮ ಮಹಡಿಯ ಮೂಲೆಯ ರೂಮು ಅವಳದು. ನಮ್ಮ ಮನೆಯ ಬಾಗಿಲಿನಲ್ಲಿ ತಲೆ ಬಗ್ಗಿಸಿ ಒಳಗೆ ಬರುತ್ತಿದ್ದ ಒಬ್ಬಳೇ ಹೆಂಗಸು ಅವಳು.

ಅವಳು ನಮ್ಮ ಮನೆಗೆ ಬರುತ್ತಿದ್ದದ್ದು ರೊಟ್ಟಿಗಾಗಿ. ಅವ್ವ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸಾಕು, ಚಪ್ಪಲಿ ಮೆಟ್ಟುವುದನ್ನೂ ಮರೆತು ಬಂದುಬಿಡುತ್ತಿದ್ದಳು. ಒಲೆಯ ಪಕ್ಕದಲ್ಲೇ ನೆಲದ ಮೇಲೆ ಕೂತು, ಉದ್ದನೆಯ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗ್ಯಾಸ್ ಸಿಲಿಂಡರಿನ ಎರಡೂ ಬದಿಗೆ ಚಾಚಿ, ಶೇಂಗಾ ಚಟ್ನಿಯ ಮೇಲೆ ಮೊಸರು ಹಾಕಿಸಿಕೊಂಡು ಐದಾರು ರೊಟ್ಟಿ ಮುಗಿಸುತ್ತಿದ್ದಳು. ಅವ್ವನಿಗೆ ಅವಳು, ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ, ವೈನಿ ಎನ್ನುತ್ತಿದ್ದಳು. ಅವ್ವನಿಗೆ ಮುಂಬೈಯಲ್ಲಿ ಹಾಗೆ ಕರೆಯುವವರು ಬೇರೆ ಯಾರೂ ಇರಲಿಲ್ಲ.

ಸಂಜೆ ಐದರ ಹೊತ್ತಿಗೆ ಅಂಗಳದ ಸಿಮೆಂಟು ಇನ್ನೂ ಕಾದೇ ಇರುತ್ತಿತ್ತು. ಯಾರೋ ಬಕೆಟ್ಟಿನಲ್ಲಿ ನೀರು ಚಿಮುಕಿಸಿದರೆ ಬಿಸಿ ಧೂಳಿನ ವಾಸನೆ, ಸಮುದ್ರದ ಹಿನ್ನೀರಿನ ಖಾಡಿಯ ಕಡೆಯಿಂದ ಬರುವ ಉಪ್ಪು ಕೆಸರಿನ ವಾಸನೆ, ಚೆಂಡಿನ ರಬ್ಬರಿನ ವಾಸನೆ ಎಲ್ಲ ಕೂಡಿ ಬರುತ್ತಿದ್ದವು. ಚೆಂಡು ಹಿಡಿದ ಮೇಲೆ ರಾತ್ರಿ ಊಟದವರೆಗೂ ಅಂಗೈಯಲ್ಲಿ ಆ ರಬ್ಬರು ಉಳಿದಿರುತ್ತಿತ್ತು. ತಂಡದ ಅಭ್ಯಾಸ ಮುಗಿದ ಮೇಲೆ ಅರ್ಧ ಗಂಟೆ ನಮಗೆ ಸಿಗುತ್ತಿತ್ತು. ಕಸ್ತೂರಿ ಅಕ್ಕ ನಮ್ಮ ಮೊಣಕೈ ಹಿಡಿದು ನೇರ ಮಾಡುತ್ತಿದ್ದಳು, ರಿಂಗಿನ ಮುಂದಿನ ಅಂಚನ್ನು ನೋಡು ಎನ್ನುತ್ತಿದ್ದಳು. ನನ್ನ ಚೆಂಡು ರಿಂಗಿನವರೆಗೆ ಹೋಗುತ್ತಲೇ ಇರಲಿಲ್ಲ. ಅದಕ್ಕೂ ಅವಳು ಚಪ್ಪಾಳೆ ತಟ್ಟುತ್ತಿದ್ದಳು.

ಪರೀಕ್ಷೆ ಮುಗಿದ ವಾರವೇ ಕಾರ್ಖಾನೆಯವರು ತಂಡವನ್ನು ಮುಚ್ಚಿದರು. ನೋಟಿಸು ಹಚ್ಚಿದ್ದನ್ನು ಅಪ್ಪ ಊಟಕ್ಕೆ ಕೂತಾಗ ಹೇಳಿದ. ಒಬ್ಬಿಬ್ಬರು ಆಟಗಾರ್ತಿಯರು ಮದುವೆಯಾಗಿ ಹೋದರು, ಕೆಲವರು ತಮ್ಮ ಊರು ಸೇರಿದರು. ಕಸ್ತೂರಿ ಅಕ್ಕನಿಗೆ ಜೂನ್ ಕೊನೆಯವರೆಗೆ ಆಫೀಸಿನ ಕೆಲಸವನ್ನೂ ರೂಮನ್ನೂ ಇಟ್ಟುಕೊಳ್ಳಲು ಹೇಳಿದ್ದರು. ಅವಳು ಎಲ್ಲೂ ಹೋಗಲಿಲ್ಲ. ಮುಂದೇನು ಎಂದು ಅವ್ವ ಕೇಳಿದರೆ, ನೋಡೂಣ ವೈನಿ ಎಂದು ರೊಟ್ಟಿ ಮುರಿಯುತ್ತಿದ್ದಳು.

ಅವಳು ಹೇಳದಿದ್ದರೆ ನಾವು ಬಿಡುತ್ತೇವೆಯೇ? ನೆಲಮಹಡಿಯ ಕದಂ ಕಾಕಾ ಅಪ್ಪನ ಕಾರ್ಖಾನೆಯಲ್ಲೇ ಫೋರ್‌ಮನ್. ತಂಡದ ಪ್ರತಿ ಪಂದ್ಯಕ್ಕೂ ಅಂಕ ಬರೆಯುತ್ತಿದ್ದವರು ಅವರೇ, ಹಳೆಯ ಅಂಕಪುಸ್ತಕಗಳನ್ನೆಲ್ಲ ದೇವರ ಗೂಡಿನ ಕೆಳಗೆ ಜೋಡಿಸಿಟ್ಟಿದ್ದರು. ಸಂಜೆ ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ಸಭೆ ಕೂಡುತ್ತಿತ್ತು. ರೈಲ್ವೆಯ ತಂಡಕ್ಕೆ ಎತ್ತರದವರು ಬೇಕಾಗಿದ್ದಾರೆ, ಅಲ್ಲಿಗೇ ಹೋಗುತ್ತಾಳೆ ಎಂದು ಕದಂ ಕಾಕಾ. ಇಲ್ಲ, ಫೋರ್ಟ್ ಕಡೆಯ ಬ್ಯಾಂಕಿನವರದು ದೊಡ್ಡ ತಂಡ, ಅವರು ಬಿಡುವುದಿಲ್ಲ ಎಂದು ಅಪ್ಪ. ಪುಣೆಯಿಂದ ಯಾರೋ ಬಂದಿದ್ದರಂತೆ ಎಂದು ಎರಡನೆಯ ಮಹಡಿಯವರು. ಐಸ್ ಗೋಲಾದವನ ಗಾಡಿಯ ಬಳಿ ಕಾಲಾ ಖಟ್ಟಾ ಶರಬತ್ತಿನ ಐಸು ಹೀರುತ್ತ ನಾವು ಮಕ್ಕಳೂ ಅದನ್ನೇ ವಾದಿಸುತ್ತಿದ್ದೆವು. ಕದಂ ಕಾಕಾನ ಮಗಳು ಶೈಲಾ ನನ್ನ ಗೆಳತಿ. ನಾವಿಬ್ಬರೂ ಸೇರಿ ಪತ್ತೇದಾರಿಗೇ ಇಳಿದೆವು. ಒಂದು ದಿನ ಕಸ್ತೂರಿ ಅಕ್ಕ ಕಿಟ್ ಬ್ಯಾಗು ಹಾಕಿಕೊಂಡು ದಾದರ್‌ನಲ್ಲಿ ಇಳಿದದ್ದನ್ನು ಶೈಲಾಳ ಅಣ್ಣ ನೋಡಿದ್ದ. ಅಂದರೆ ಬ್ಯಾಂಕು, ಅವರ ಅಭ್ಯಾಸ ದಾದರ್‌ನಲ್ಲೇ. ಇನ್ನೊಂದು ದಿನ ಗ್ರಾಂಟ್ ರೋಡ್ ಕಡೆಯ ಮೈದಾನದಲ್ಲಿ ಕಂಡಳಂತೆ. ಅಂದರೆ ರೈಲ್ವೆ, ಅವರು ಆಡುವುದು ಅಲ್ಲಿ. ಅವಳ ಬಟ್ಟೆ ಒಣಗುವ ಹಗ್ಗದ ಮೇಲೆ ನೀಲಿ ಟವೆಲು ಕಂಡರೆ ಅದಕ್ಕೂ ನಮ್ಮಲ್ಲಿ ಅರ್ಥವಿತ್ತು.

ನನ್ನ ಕಷ್ಟ ಬೇರೆ. ಅವಳು ಉಣ್ಣುವುದು ನಮ್ಮ ಮನೆಯಲ್ಲಿ, ಮಾತಾಡುವುದು ನಮ್ಮ ಭಾಷೆ. ಹಾಗಾಗಿ ನನಗೆ ಗೊತ್ತಿರಲೇಬೇಕು ಎಂದು ಎಲ್ಲರ ನಂಬಿಕೆ. ನನಗೆ ಗೊತ್ತಿಲ್ಲ ಎಂದರೆ ಶೈಲಾ ತುಟಿ ಕೊಂಕಿಸುತ್ತಿದ್ದಳು. ಮೇ ತಿಂಗಳ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿನ್ನುತ್ತಿದ್ದಾಗ ಏಳೆಂಟು ಜನ ಸುತ್ತುವರಿದು ಕೇಳಿದರು. ನಾನು ಹೇಳಿಬಿಟ್ಟೆ. ರೈಲ್ವೆ. ನಮ್ಮವ್ವನ ಮುಂದೆ ಅವಳೇ ಹೇಳಿದಳು, ಕಾಗದವೂ ಬಂದಿದೆ.

"ಪಕ್ಕಾ?" ಎಂದಳು ಶೈಲಾ.

"ಪಕ್ಕಾ," ಎಂದೆ.

ಆ ಒಂದು ಸಂಜೆ ನಾನು ಕಾಲನಿಯ ರಾಣಿ. ಮಾರನೆಯ ಬೆಳಿಗ್ಗೆ ಕದಂ ಕಾಕಾ ಪೇಡೆಯ ಪೆಟ್ಟಿಗೆ ಹಿಡಿದು ಮೂರು ಮಹಡಿ ಹತ್ತಿ ಬಂದರು. ಆಫೀಸಿಗೆ ಹೊರಟಿದ್ದ ಕಸ್ತೂರಿ ಅಕ್ಕನನ್ನು ಮನೆಗಳ ಮುಂದಿನ ಗ್ಯಾಲರಿಯಲ್ಲಿ ನಿಲ್ಲಿಸಿ ಬಾಯಿಗೆ ಪೇಡೆ ಇಟ್ಟರು. ರೈಲ್ವೆಯ ಸುದ್ದಿ ತಿಳಿಯಿತು, ಭಾನುವಾರ ಅಂಗಳದಲ್ಲಿ ನಿನಗೆ ಸತ್ಕಾರ, ಬೋರ್ಡು ಬರೆಸುತ್ತಿದ್ದೇನೆ ಎಂದರು. ನಾನು ನಮ್ಮ ಬಾಗಿಲ ಪರದೆಯ ಹಿಂದೆ ನಿಂತಿದ್ದೆ. ಅವಳು ಇಲ್ಲ ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಪೇಡೆ ನುಂಗಿ, ನಕ್ಕು, ಬಗ್ಗಿ ಅವರ ಕಾಲು ಮುಟ್ಟಿದಳು. ಏಳುವಾಗ ಗೋಡೆ ಹಿಡಿದುಕೊಂಡಳು.

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಬಿಸಿಲು ಬಡಿದಿದೆ ಎಂದು ಅವ್ವ ಈರುಳ್ಳಿ ಜಜ್ಜಿ ಅಂಗಾಲಿಗೆ ತಿಕ್ಕಿದಳು. ಶುಕ್ರವಾರ ಮಧ್ಯಾಹ್ನ ಕಸ್ತೂರಿ ಅಕ್ಕ ರಜೆ ಹಾಕಿ ರೂಮಿನಲ್ಲಿದ್ದಾಳೆಂದು ತಿಳಿದು ಅವಳ ಬಾಗಿಲು ತಟ್ಟಿದೆ. ಮಂಚದ ಮೇಲೆ ಕೂತು, ಪ್ಯಾಂಟು ಮಡಚಿ, ಬಿಸಿ ಉಪ್ಪಿನ ಗಂಟಿನಿಂದ ಮೊಣಕಾಲಿಗೆ ಶಾಖ ಕೊಟ್ಟುಕೊಳ್ಳುತ್ತಿದ್ದಳು. ರೂಮಿನ ತುಂಬ ನೋವಿನ ಮುಲಾಮಿನ ಘಾಟು. ಆ ಮೊಣಕಾಲು ಇನ್ನೊಂದರ ಒಂದೂವರೆಯಷ್ಟು ದಪ್ಪವಿತ್ತು. ನಾನು ನಿಂತಲ್ಲೇ ಅಳಲು ಶುರು ಮಾಡಿದೆ. ರೈಲ್ವೆ ಎಂದು ಸುಳ್ಳು ಹೇಳಿದ್ದು ನಾನೇ ಎಂದೆ.

"ಗೊತ್ತೈತಿ ನನಗ," ಎಂದಳು. "ನಿಮ್ಮವ್ವನ ಹೆಸರು ಹೇಳೀದಿ ಅಲ್ಲ, ಮತ್ತ್ಯಾರ ಹೇಳತಾರ?"

ಬೈಯಲಿಲ್ಲ. ಪಕ್ಕಕ್ಕೆ ಸರಿದು ಕೂರಲು ಜಾಗ ಕೊಟ್ಟಳು. ಹಾಗಾದರೆ ನಿಜವಾಗಿ ಯಾವ ತಂಡ, ಬ್ಯಾಂಕೇ ಎಂದು ಕೇಳಿದೆ. ಅಷ್ಟು ಅತ್ತ ಮೇಲೂ ಆ ಕುತೂಹಲ ಹೋಗಿರಲಿಲ್ಲ. ಅವಳು ಉಪ್ಪಿನ ಗಂಟನ್ನು ತಾಟಿನಲ್ಲಿ ಇಟ್ಟಳು.

"ಯಾರೂ ಕರದಿಲ್ಲ ನೀಲವ್ವ. ದಾದರ್‌ಕ ಹೋಗಿದ್ದೆ, ಗ್ರಾಂಟ್ ರೋಡಿಗೂ ಹೋಗಿದ್ದೆ. ಹತ್ತು ಮಿನಿಟ್ ಓಡಿಸಿದ್ರು, ಕುಂದರು ಅಂದ್ರು. ಮೊಣಕಾಲು ಎಲ್ಲಾರಿಗೂ ಕಾಣತೈತಿ."

ನಾವು ಸುಳಿವೆಂದು ಹಿಡಿದು ಕುಣಿದಿದ್ದ ಒಂದೊಂದು ದಿನವೂ ಅವಳನ್ನು ಬೇಡವೆಂದು ಕಳಿಸಿದ ದಿನವಾಗಿತ್ತು. ಪುಣೆಯಿಂದ ಬಂದಿದ್ದವನು ಅವಳ ಸೋದರಮಾವ, ಊರಿಗೆ ಕರೆದೊಯ್ಯಲು ಬಂದಿದ್ದ. ಮತ್ತೆ ಕದಂ ಕಾಕಾನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದಿನಾ ಸಂಜೆ ಗ್ಯಾಲರಿಯಲ್ಲಿ ಕೂತರೆ ಕೆಳಗಿನ ಮಾತೆಲ್ಲ ತನಗೆ ಕೇಳಿಸುತ್ತಿತ್ತು ಎಂದಳು.

"ಮೂರು ತಂಡ ನನ್ನ ಸಲುವಾಗಿ ಜಗಳಾ ಆಡಾಕತ್ತಾವ ಅಂತ ನಿಮ್ಮಪ್ಪಾರು, ಕಾಕಾ ಮಾತಾಡೂದು ಕೇಳಾಕ ಚಂದ ಅನಸತಿತ್ತು. ಇನ್ನ ನಾಕ ದಿನಾ ಕೇಳೂಣಂತ ಸುಮ್ಮನಿದ್ದೆ. ಅದು ನನ್ನ ಸುಳ್ಳು. ನಿನ್ನದಕಿಂತ ದೊಡ್ಡದು."

ಯಾರಿಗೂ ಹೇಳಬೇಡ ಎಂದು ಅವಳು ಹೇಳಲಿಲ್ಲ. ಆದರೂ ಅವಳ ಗುಟ್ಟನ್ನು ನಾನು ಹೇಳಲಿಲ್ಲ, ನನ್ನದನ್ನು ಮಾತ್ರ ಹೇಳಿದೆ. ನೇರ ಕೆಳಗಿಳಿದು ಕದಂ ಕಾಕಾನ ಮನೆಗೆ ಹೋದೆ. ಅವರು ಬೋರ್ಡಿಗೆ ಕೆಂಪು ಬಣ್ಣ ಹಚ್ಚುತ್ತಿದ್ದರು, ರೈಲ್ವೆ ಎಂಬ ಅಕ್ಷರಗಳು ಇನ್ನೂ ಹಸಿಯಾಗಿದ್ದವು. ನಾನು ಸುಳ್ಳು ಹೇಳಿದ್ದೆ, ಅಕ್ಕ ಹಾಗೆ ಹೇಳಿಯೇ ಇಲ್ಲ ಎಂದು ಮರಾಠಿಯಲ್ಲಿ ತೊದಲಿದೆ. ಶೈಲಾ ಅಲ್ಲೇ ಇದ್ದಳು. ಕಾಕಾ ಕುಂಚ ಕೆಳಗಿಟ್ಟು, ಹಾಗಾದರೆ ಎಲ್ಲಿಗೆ ಹೋಗುತ್ತಾಳೆ ಎಂದರು. ನನಗೆ ಗೊತ್ತಿಲ್ಲ ಎಂದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಏನು ಅರ್ಥವಾಯಿತೋ, ಮತ್ತೇನೂ ಕೇಳದೆ ಬಿಳಿ ಬಣ್ಣದ ಡಬ್ಬಿ ತೆಗೆದು ರೈಲ್ವೆ ಎಂಬ ಅಕ್ಷರಗಳ ಮೇಲೆ ಹಚ್ಚಿದರು. ಶೈಲಾ ನನ್ನ ಜೊತೆ ಮಾತು ಬಿಟ್ಟಳು. ಶಾಲೆ ಶುರುವಾಗುವವರೆಗೂ ಬಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಸತ್ಕಾರ ನಿಲ್ಲಲಿಲ್ಲ. ಬಟಾಟೆ ವಡೆಗೆ ಹೇಳಿಯಾಗಿತ್ತು, ಹಾರ ಬಂದಾಗಿತ್ತು. ಅಂಗಳದ ಗೆರೆಯಾಚೆ ಸುತ್ತಲೂ ಕುರ್ಚಿ. ಬೋರ್ಡಿನಲ್ಲಿ ಕಸ್ತೂರಿಗೆ ಶುಭೇಚ್ಛೆ ಎಂದಷ್ಟೇ ಉಳಿದಿತ್ತು, ಅದರ ಕೆಳಗೆ ಬಿಳಿ ಪಟ್ಟಿ. ಅವಳು ತಂಡದ ಹಳದಿ ಜೆರ್ಸಿ ಹಾಕಿಕೊಂಡು ಬಂದಳು. ಹಾರ ಹಾಕಿಸಿಕೊಂಡು ಮೈಕಿನ ಮುಂದೆ ನಿಂತಳು. ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ, ಟೆಲಿಫೋನ್ ಬೋರ್ಡಿನಲ್ಲಿ ನಂಬರು ಹೇಳುವವಳ ಹಾಗೆ ನಿಧಾನವಾಗಿ ಹೇಳಿದಳು. ನನ್ನನ್ನು ಯಾವ ತಂಡದವರೂ ಕರೆದಿಲ್ಲ. ನನ್ನ ಮೊಣಕಾಲು ಮುಗಿದಿದೆ. ನಾನು ಮೊದಲೇ ಹೇಳಬೇಕಿತ್ತು, ತಪ್ಪು ನನ್ನದು.

ಒಬ್ಬರು ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಅಪ್ಪ ನೆಲ ನೋಡುತ್ತಿದ್ದ. ಕದಂ ಕಾಕಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗ ನನ್ನ ಪಕ್ಕದ ಕುರ್ಚಿಯಿಂದ ಅವ್ವ ಎದ್ದಳು. ಮುಂಬೈಗೆ ಬಂದ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಆ ಅಂಗಳದ ಗೆರೆಯೊಳಗೆ ಕಾಲಿಡದವಳು ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಡುವೆ ಹೋಗಿ ನಿಂತಳು.

"ಹಂಗಾರ ಇವತ್ತ ನಮಗ ಆಡಸವಾ," ಎಂದಳು. "ನಮ್ಮ ಕಡೇನೂ ಒಂದು ತಂಡ ಆಗಲಿ."

ಕನ್ನಡ ಬಾರದವರಿಗೂ ಅದು ತಿಳಿಯಿತು. ಶೈಲಾಳ ಅಮ್ಮ ಎದ್ದಳು, ಎರಡನೆಯ ಮಹಡಿಯವರು ಎದ್ದರು. ಹತ್ತು ಜನ ಹೆಂಗಸರು ಚಪ್ಪಲಿ ಸಾಲಾಗಿ ಬಿಟ್ಟು ಎರಡು ತಂಡವಾದರು. ಕಸ್ತೂರಿ ಅಕ್ಕ ಹಾರ ತೆಗೆದು ಕಂಬಕ್ಕೆ ಹಾಕಿ, ರಿಂಗಿನ ಅಡಿಯಲ್ಲಿ ನಿಂತಲ್ಲೇ ನಿಂತು ಎರಡೂ ಕಡೆಗೆ ಚೆಂಡು ಕೊಟ್ಟಳು. ಅವ್ವ ಎಸೆದದ್ದು ಒಮ್ಮೆ ಗೋಡೆಯಾಚೆ ಹೋಯಿತು, ಒಮ್ಮೆ ವಡೆಯ ಪಾತ್ರೆಗೆ ಬಡಿಯಿತು. ಕದಂ ಕಾಕಾ ಹೊಸ ಅಂಕಪುಸ್ತಕ ತೆರೆದು ಹತ್ತೂ ಜನರ ಹೆಸರು ಬರೆದು, ದೊಡ್ಡ ಪಂದ್ಯದ ಹಾಗೆಯೇ ಅಂಕ ಗುರುತಿಸಿದರು. ಒಟ್ಟು ಆರೋ ಎಂಟೋ ಅಂಕ ಆಗಿದ್ದಿರಬೇಕು. ಕೊನೆಗೆ ಎಲ್ಲರೂ ಕೂಗಿದ್ದಕ್ಕೆ ಕಸ್ತೂರಿ ಅಕ್ಕ ಫ್ರೀ ಥ್ರೋ ಗೆರೆಯಲ್ಲಿ ನಿಂತಳು. ಒಂದಾದ ಮೇಲೊಂದು ಚೆಂಡು ನೆಟ್ಟಿನೊಳಗೆ ಇಳಿಯಿತು. ಅಳುತ್ತಿದ್ದಳು, ಆದರೂ ಒಂದೂ ತಪ್ಪಲಿಲ್ಲ.

ಬೆಳಗಾವಿಯಲ್ಲಿ ಹುಡುಗಿಯರ ಶಾಲೆಯೊಂದರಲ್ಲಿ ಅಪ್ಪನ ದಾಯಾದಿಯೊಬ್ಬರು ಮಾಸ್ತರರಾಗಿದ್ದರು. ಅಪ್ಪ ಅವರಿಗೆ ಪತ್ರ ಬರೆದ. ಮೂರು ವಾರಕ್ಕೆ ಉತ್ತರ ಬಂತು, ಆಟದ ಟೀಚರು ಬೇಕಾಗಿದ್ದಾರೆ, ಕಳಿಸಿ ಎಂದು. ಮಳೆ ಹಿಡಿದ ಜೂನ್ ಕೊನೆಯ ಸಂಜೆ ಕಾಲನಿಯ ಅರ್ಧ ಜನ ದಾದರ್ ಸ್ಟೇಷನ್ನಿಗೆ ಬಂದಿದ್ದರು. ಅವ್ವ ಒಣಗಿಸಿದ ಕಟಕ ರೊಟ್ಟಿಯ ಗಂಟು ಕೊಟ್ಟಳು. ಗಾಡಿ ಹೊರಟಾಗ ಕದಂ ಕಾಕಾ ಪಕ್ಕದಲ್ಲಿ ನಿಂತಿದ್ದ ಅಪರಿಚಿತನೊಬ್ಬನಿಗೆ, ನಮ್ಮ ಹುಡುಗಿಗೆ ಬೆಳಗಾವಿಯ ತಂಡ ಸಿಕ್ಕಿತು ಎಂದು ಹೇಳುತ್ತಿದ್ದರು.

ನಾಲ್ಕು ವರ್ಷದ ನಂತರ ಅವಳ ಶಾಲೆಯ ಹುಡುಗಿಯರು ಗ್ರಾಂಟ್ ರೋಡ್ ಕಡೆಯ ಮೈದಾನಕ್ಕೆ ಆಡಲು ಬಂದಿದ್ದರು. ಕಾಕಾ ನಮ್ಮನ್ನೆಲ್ಲ ಲೋಕಲ್ ಹತ್ತಿಸಿ ಕರೆದೊಯ್ದರು. ಮುಂಬೈಯ ಶಾಲೆಯೊಂದರ ವಿರುದ್ಧ ಬೆಳಗಾವಿಗಾಗಿ ನಮ್ಮ ಕಾಲನಿ ಮರಾಠಿಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿತು. ಹುಡುಗಿಯರು ಸೋತರು. ಬಿಲ್ಡಿಂಗಿನವರೆಲ್ಲ ಒಟ್ಟಾಗಿ ಹೋದದ್ದು ಅದೇ ಕೊನೆ. ಆಮೇಲೆ ಕಾರ್ಖಾನೆ ಬೇರೆ ಊರಿಗೆ ಹೋಯಿತು, ಕಾಲನಿಯನ್ನು ಕೆಡವಿದರು. ಕೆಲವರು ಬದಲಾಪುರ, ಕೆಲವರು ಸಾತಾರಾ, ನಾವು ಡೊಂಬಿವಲಿ. ಕಾಕಾ ತೀರಿಕೊಂಡದ್ದು ನಮಗೆ ಆರು ತಿಂಗಳ ನಂತರ ತಿಳಿಯಿತು. ಶೈಲಾಳ ನಂಬರು ನನ್ನ ಬಳಿ ಇಲ್ಲ. ಕಸ್ತೂರಿ ಅಕ್ಕ ಹಬ್ಬಕ್ಕೊಮ್ಮೆ ಫೋನು ಮಾಡುತ್ತಾಳೆ. ಅವ್ವ ಹೋದ ಮೇಲೆ ಆ ಮನೆಮಾತನ್ನು ನಾನು ಆಡುವುದು ಆ ಹತ್ತು ನಿಮಿಷ ಮಾತ್ರ.

ನನ್ನ ಮಗನಿಗೆ ಹದಿನಾಲ್ಕು. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರನೊಬ್ಬನ ಕರಾರು ಮುಗಿದಿದೆಯಂತೆ, ಮುಂದೆ ಯಾವ ತಂಡ ಎಂದು ವಾರದಿಂದ ಫೋನಿನಲ್ಲಿ ಎಲ್ಲೆಲ್ಲಿಯದೋ ಹುಡುಗರ ಜೊತೆ ವಾದ ಮಾಡುತ್ತಿದ್ದಾನೆ. ಅವನ ಉತ್ಸಾಹ ನನಗೆ ಇಷ್ಟ. ನಿನ್ನೆ ಚಹಾ ಕುಡಿಯುವಾಗ, ಆ ಆಟಗಾರನಿಗೆ ನೀನು ಯಾರೆಂದು ಗೊತ್ತೇನೋ ಎಂದು ಕೇಳಿದೆ.

"ಉಸ್ಕೋ ಕೈಸೆ ಗೊತ್ತಾಗತ್ತೆ, ಮಮ್ಮಿ?" ಎಂದು ನಕ್ಕ.

ಅವನು ಹೇಳಿದ್ದು ಸರಿ. ನಮ್ಮ ಆಟಗಾರ್ತಿಗೆ ಮಾತ್ರ ನಾವು ಒಬ್ಬೊಬ್ಬರೂ ಯಾರೆಂದು ಗೊತ್ತಿತ್ತು. ಯಾರ ಚೆಂಡು ರಿಂಗಿನವರೆಗೆ ಹೋಗುವುದಿಲ್ಲ, ಯಾರು ಸುಳ್ಳು ಹೇಳಿದರು ಎಂಬುದೂ ಗೊತ್ತಿತ್ತು. ಗೊತ್ತಿದ್ದೂ ಮಂಚದ ಮೇಲೆ ಸರಿದು ಜಾಗ ಕೊಟ್ಟಿದ್ದಳು.