ರಾಗಿಹಿಟ್ಟಿನಲ್ಲೊಂದು ಕುಳಿ

ಇಂದು ಬೆಳಿಗ್ಗೆ ಮೊಮ್ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಮೊರದಲ್ಲಿ ರಾಗಿಹಿಟ್ಟು ಹರಡಿ, ಎತ್ತರದಿಂದ ಕಲ್ಲೊಂದನ್ನು ಬೀಳಿಸಿದಳು.

"ನೋಡಜ್ಜಿ, ಉಲ್ಕೆ ಬಿದ್ದ ಗುಂಡಿ!"

"ಕುಳಿ ಎನ್ನಬೇಕು," ಎಂದು ತಿದ್ದಿದೆ. ಆದರೆ ಮೇಲೆದ್ದ ಹಿಟ್ಟಿನ ವಾಸನೆ ನನ್ನನ್ನು ನಾನು ಹುಟ್ಟಿ ಬೆಳೆದ ಶಿರಂಗಾಲದ ಅಡುಗೆಮನೆಗೆ ಒಯ್ದಿತು.

ಅವ್ವ ಹಾಡು ಗುನುಗುತ್ತ ಹಿಟ್ಟನ್ನು ಜರಡಿ ಹಿಡಿಯುತ್ತಿದ್ದಳು. ನಾನು ಅದರಲ್ಲಿ ಬೆರಳಿನಿಂದ ಅಕ್ಷರ ಬರೆದರೆ, "ಉಣ್ಣೋ ಹಿಟ್ಟು ಕಣೇ, ಸ್ಲೇಟಲ್ಲ!" ಎಂದು ಗದರಿ, ಓದಿ ನೋಡಿಯೇ ಅಳಿಸುತ್ತಿದ್ದಳು. ಅಪ್ಪ ಚೆಟ್ಟಳ್ಳಿಯ ಕಾಫಿ ಎಸ್ಟೇಟಿನಲ್ಲಿ ನೆರಳುಮರಗಳ ಕೊಂಬೆ ಕಡಿಯುತ್ತಿದ್ದರು. ಅವರು ಮರದಿಂದ ಬಿದ್ದು ತೀರಿಕೊಂಡ ಸುದ್ದಿಯನ್ನು ಎಸ್ಟೇಟಿನ ಜೀಪು ತಂದಾಗ, ಅವ್ವನ ಕೈಯಿಂದ ಜರಡಿ ಜಾರಿತು. ಕಿಟಕಿಯ ಬಿಸಿಲೆಲ್ಲ ಹಿಟ್ಟಿನ ಧೂಳಿನಲ್ಲಿ ಮಂಕಾಯಿತು.

ಆಮೇಲೆ ಅವಳು ಹಾಡಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಗದರಲಿ ಎಂದೇ ನಾನು ದಿನವೂ ಹಿಟ್ಟಿನಲ್ಲಿ ಬರೆದೆ. ಅವಳು ಓದದೆಯೇ ಅಳಿಸಿದಳು. ಮುಂದಿನ ಸುಗ್ಗಿಗೆ ಅವಳೂ ಇರಲಿಲ್ಲ.

"ಆ ಕಲ್ಲು ಬಡಿದು ಸತ್ತ ಡೈನೋಸಾರು ಕಮ್ಮಿ ಅಜ್ಜಿ. ಧೂಳು ಸೂರ್ಯನ್ನೇ ಮುಚ್ತಲ್ಲ, ಅದ್ರಿಂದ್ಲೇ ಎಲ್ಲ ಸತ್ವು," ಎಂದಳು ಮೊಮ್ಮಗಳು.

"ಮತ್ತೆ ಬಿಸಿಲು ಬರಲಿಲ್ಲವೇ?"

"ಬಂತು. ಅಷ್ಟೊತ್ತಿಗೆ ದೊಡ್ಡವೆಲ್ಲ ಹೋಗಿದ್ವು. ಸಣ್ಣವಷ್ಟೇ ಉಳ್ಕೊಂಡ್ವು."

ನಾನು ಕುಳಿಯನ್ನು ಅಂಗೈಯಿಂದ ಸಮಮಾಡಿದೆ.

"ಇನ್ನೊಂದು ಕಲ್ಲು ಹಾಕಬೇಡ, ಮಗಳೇ."